ಕೊಟ್ಟ ಮಾತು, ಕೇಳಿದ ಕಾಗದ

2021ರ ಆಗಸ್ಟ್ 15ರಂದು ನಾವೆಲ್ಲ ಬಾವುಟದ ಫೋಟೋಗಳನ್ನು ಸ್ಟೇಟಸ್‌ಗೆ ಹಾಕ್ತಾ ಇದ್ದ ಹೊತ್ತಿಗೆ ಕಾಬೂಲ್ ಬಿತ್ತು. 20 ವರ್ಷ ಹೊರಗಿನವರು ನಿಂತು ಕಟ್ಟಿದ ಒಂದು ಸರಕಾರ ಕೆಲವೇ ದಿನಗಳಲ್ಲಿ ಕರಗಿ ಹೋಯ್ತು. ಅವತ್ತಿನಿಂದ ಸುಮಾರು ಒಂದು ತಿಂಗಳು ಟೀವಿಯಲ್ಲಿ, ಪಾಡ್‌ಕಾಸ್ಟ್‌ಗಳಲ್ಲಿ ಎರಡು ಪದ ಕೇಳಿ ಕೇಳಿ ಸಾಕಾಗಿತ್ತು: ನೇಶನ್ ಬಿಲ್ಡಿಂಗ್, ಸ್ಟೆಬಿಲೈಸೇಶನ್. ಎಲ್ಲೋ ದೂರದ ಗುಡ್ಡಗಾಡಿನ ಜನರಿಗೆ, ಎಲ್ಲೋ ದೂರದ ಸೈನ್ಯ ಮಾಡುವ ಕೆಲಸ ಅನ್ನುವ ಧಾಟಿಯಲ್ಲಿ ಮಾತು ನಡೀತಿತ್ತು.

ನನಗೆ ಆಗ ನೆನಪಾಗಿದ್ದು ಡಂಬಳ. ಹೌದು, ಗದಗಿನಿಂದ ಮುಂಡರಗಿಗೆ ಹೋಗುವಾಗ ಸಿಗುವ, ದೊಡ್ಡಬಸಪ್ಪನ ಗುಡಿಯ ಡಂಬಳವೇ. ಹುಬ್ಬಳ್ಳಿಯಿಂದ ಗದಗ ದಾಟಿ ಕೊಪ್ಪಳದ ಕಡೆ ಹೈವೇಯಲ್ಲಿ ಹೋಗುವಾಗ ನಾವು ಮಿರ್ಚಿ ಭಜಿಗೆ ನಿಲ್ಲಿಸ್ತೀವೇ ಹೊರತು, ಎರಡು ಬದಿಯ ಎರೆಹೊಲಗಳಲ್ಲಿ ಇಂಥದೇ ಪ್ರಯೋಗ ನಡೆದಿತ್ತು ಅನ್ನೋದು ಹೊಳೆಯೋದೇ ಇಲ್ಲ. 1800ರಿಂದ 1858ರವರೆಗೆ, 58 ವರ್ಷದೊಳಗೆ, ಹೊರಗಿನವರು ಮೂರು ಸಲ ಈ ಸೀಮೆಗೆ "ಶಾಂತಿ" ತಂದರು. ಮೂರು ಸಲದ ರೀತಿಯೂ ಬೇರೆ, ಫಲವೂ ಬೇರೆ. ಅದರಲ್ಲಿ ಒಂದೇ ಒಂದು ಸಲ ಮಾತ್ರ ಇಲ್ಲಿನ ಜನ ಅವರ ಜೊತೆ ನಿಂತರು. ಯಾಕೆ ನಿಂತರು, ಆಮೇಲೆ ಯಾಕೆ ತಿರುಗಿ ಬಿದ್ದರು ಅನ್ನೋದು ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ.

ಮೊದಲನೆಯ ಸಲ, 1800. ಹಿಂದಿನ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಿದ್ದ. ಟಿಪ್ಪುವಿನ ಸೆರೆಯಲ್ಲಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ಆ ಗದ್ದಲದಲ್ಲಿ ಹೊರಬಿದ್ದ. ಸಂಬಳ ನಿಂತು ಹೋದ ಸಾವಿರಾರು ಸವಾರರು ಅವನ ಹಿಂದೆ ಸೇರಿಕೊಂಡರು. 2003ರ ಮೇ ತಿಂಗಳಲ್ಲಿ ಬಾಗ್ದಾದಿನ ಅಮೆರಿಕನ್ ಆಡಳಿತ ಇರಾಕಿನ ಸೈನ್ಯವನ್ನು ಒಂದು ಆದೇಶದಲ್ಲಿ ವಿಸರ್ಜಿಸಿ, ಆ ಸಿಪಾಯಿಗಳು ಆಮೇಲೆ ಎಲ್ಲಿಗೆ ಹೋದರು ಅಂತ ತಲೆ ಕೆರೆದುಕೊಂಡಿತಲ್ಲ, ಅದರ ಹಳೆಯ ಪ್ರತಿ ಇದು. ಧೋಂಡಿಯಾ ತನ್ನನ್ನು ಎರಡು ಲೋಕದ ಒಡೆಯ ಅಂತ ಕರೆದುಕೊಂಡ. ಮರಾಠರ ಸರದಾರ ಧೋಂಡೋಪಂತ ಗೋಖಲೆಯನ್ನೇ ಕೊಂದು ಹಾಕಿದ.

ಅವನ ಬೆನ್ನು ಹತ್ತಿ ಬಂದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 15 ವರ್ಷಕ್ಕೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ ಇವನು. ಆಗ ಈ ಸೀಮೆ ಪೇಶ್ವೆಯದು, ಇಂಗ್ಲಿಷರದಲ್ಲ. ಪೇಶ್ವೆಯ ಒಪ್ಪಿಗೆ ಪಡೆದು ಒಳಗೆ ಬಂದ ವೆಲ್ಲೆಸ್ಲಿ ಕುಂದಗೋಳ ತೆಗೆದುಕೊಂಡು, ಲಕ್ಷ್ಮೇಶ್ವರ, ಶಿರಹಟ್ಟಿ ಸೀಮೆ ಹಾದು, ಜುಲೈ ಕೊನೆಯ ವಾರದಲ್ಲಿ ಡಂಬಳದ ಕೋಟೆಯನ್ನು ಏಣಿ ಹಾಕಿ ಹತ್ತಿ ಹಿಡಿದ. ಅದರ ಬೆನ್ನಿಗೇ ಗದಗ ಕೈಗೆ ಬಂತು. ತಿಂಗಳ ಕೊನೆಗೆ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಪಾಳೆಯದ ಮೇಲೆ ಬಿದ್ದ. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಹತ್ತಿರ ಧೋಂಡಿಯಾ ಸತ್ತ. ಅವನ ಎಳೆಯ ಮಗನನ್ನು ವೆಲ್ಲೆಸ್ಲಿಯೇ ಕರೆದೊಯ್ದು ಸಾಕಿಸಿದ.

ಸೈನ್ಯದ ಲೆಕ್ಕದಲ್ಲಿ ಇದು ಅಚ್ಚುಕಟ್ಟು ಕೆಲಸ. ಆದರೆ ಆಮೇಲೆ? ವೆಲ್ಲೆಸ್ಲಿ ಹೊರಟು ಹೋದ. ಊರುಗಳು ಮತ್ತೆ ಪೇಶ್ವೆಯ ಕೈಕೆಳಗಿನವರಿಗೆ ಹೋದವು. ಎರಡನೇ ಬಾಜೀರಾಯನ ಕಾಲದಲ್ಲಿ ಕಂದಾಯ ಎತ್ತುವ ಹಕ್ಕನ್ನು ಹೆಚ್ಚು ಕೂಗಿದವನಿಗೆ ಗುತ್ತಿಗೆ ಕೊಡುವ ಪದ್ಧತಿ ಜೋರಾಯಿತು. ಗುತ್ತಿಗೆ ಹಿಡಿದವನು ಮುಂದಿನ ವರ್ಷ ಇರ್ತಾನೋ ಇಲ್ಲವೋ ಗೊತ್ತಿಲ್ಲ, ಹಂಗಾಗಿ ಈ ವರ್ಷವೇ ಹಿಂಡಬೇಕು. ಕಳ್ಳ ಹೋದ, ವಸೂಲಿಯವ ಬಂದ. ರೈತನಿಗೆ ವ್ಯತ್ಯಾಸ ಗೊತ್ತಾಗುವಂಥದೇನೂ ಆಗಲಿಲ್ಲ.

ಎರಡನೆಯ ಸಲ ಬಂದವನ ಹೆಸರು ನಮ್ಮಲ್ಲಿ ಅನೇಕರಿಗೆ ಮಂತ್ರಾಲಯದ ಕಥೆಯಿಂದ ಗೊತ್ತು: ಥಾಮಸ್ ಮನ್ರೋ.

1817ರ ಕೊನೆಯಲ್ಲಿ ಪೇಶ್ವೆಗೂ ಕಂಪನಿಗೂ ಯುದ್ಧ ಹತ್ತಿದಾಗ ಮನ್ರೋ ಧಾರವಾಡದಲ್ಲಿದ್ದ. ಪುಣೆ ಒಪ್ಪಂದದಲ್ಲಿ ಸಿಕ್ಕಿದ್ದ ಧಾರವಾಡ, ಕುಸುಗಲ್ಲು ಸೀಮೆಗಳನ್ನು ವಶಕ್ಕೆ ತೆಗೆದುಕೊಳ್ಳೋದು ಅವನ ಕೆಲಸ. ಕೈಯಲ್ಲಿದ್ದ ಸಿಪಾಯಿಗಳು ಐದಾರು ನೂರರಷ್ಟು ಮಾತ್ರ ಅಂತ ಆಮೇಲೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲೇ ಹೊಗಳಿಕೆ ಬಂತು. ದೊಡ್ಡ ಸೈನ್ಯಗಳೆಲ್ಲ ಪುಣೆಯ ಕಡೆ ಬಾಜೀರಾಯನ ಬೆನ್ನು ಹತ್ತಿದ್ದವು, ಇವನಿಗೆ ಕೊಡಲು ಯಾರ ಹತ್ತಿರವೂ ಏನೂ ಇರಲಿಲ್ಲ. ಅದೇ ಹೊತ್ತಿಗೆ ಮರಾಠರ ಬಲವೂ ಅತ್ತ ಕಡೆಗೇ ಸೆಳೆದು ಹೋಗಿತ್ತು ಅನ್ನೋದನ್ನೂ ಮರೆಯಬಾರದು. ಇಲ್ಲದಿದ್ದರೆ ಅವನ ಆಟ ನಡೀತಿತ್ತೋ ಇಲ್ಲವೋ.

ಆದರೂ ಅವನು ಆಡಿದ ಆಟ ಸಾಮಾನ್ಯದ್ದಲ್ಲ. ಕೋಟೆ ಹಿಡಿದು ಆಮೇಲೆ ಕಂದಾಯ ಎತ್ತೋದು ಎಲ್ಲರ ಪದ್ಧತಿ. ಇವನು ಅದನ್ನು ಉಲ್ಟಾ ಮಾಡಿದ. ಮೊದಲು ತಾಲೂಕಿಗೊಬ್ಬ ಅಮಲ್ದಾರನನ್ನು ನೇಮಿಸಿದ. ಅವನ ಕೈಯಲ್ಲಿ ಕೆಲವು ನೂರು ಜನ ದೇಶೀ ಕಾಲಾಳುಗಳು. ಇವರು ಕವಾಯತು ಕಲಿತ ಸಿಪಾಯಿಗಳಲ್ಲ, ಸಂಬಳಕ್ಕೆ ಕತ್ತಿ, ಬಂದೂಕು ಹಿಡಿಯುವ ಊರ ಮಂದಿ. ನವಲಗುಂದಕ್ಕೆ ಹೋದ ಅಮಲ್ದಾರ ರಾಮರಾವ್ ಕೆಲವೇ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳ್ಳಿಗಳನ್ನು ತನ್ನ ಕಡೆ ಮಾಡಿಕೊಂಡಿದ್ದ. ಹಳ್ಳಿಗಳು ಅಮಲ್ದಾರನಿಗೆ ಕಂದಾಯ ಕೊಡೋಕೆ ಶುರು ಮಾಡಿದ ಮೇಲೆ ಕೋಟೆಯೊಳಗಿನ ಠಾಣ್ಯದವರಿಗೆ ಸಂಬಳ ಎಲ್ಲಿಂದ ಬರಬೇಕು? ಕೋಟೆ ಬರೀ ಗೋಡೆಯಾಗಿ ಉಳೀತು. 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ ಒಂದರ ಹಿಂದೊಂದು ಬಂದವು. ಫೆಬ್ರುವರಿಯಲ್ಲಿ ಬಾದಾಮಿ. ಏಪ್ರಿಲ್‌ನಲ್ಲಿ ಬೆಳಗಾವಿ.

ಈ ನಾಡನ್ನು ಮನ್ರೋ ಇಲ್ಲಿನ ಜನರ ಕೈಯಿಂದಲೇ ಗೆದ್ದ ಅಂತ ಅವನ ಜೊತೆಯವರೇ ಬರೆದಿದ್ದಾರೆ. ಹಂಗಂತ ನಮ್ಮ ಜನ ಬಿಳಿಯರನ್ನು ಕಂಡು ಮರುಳಾದರು ಅಂತ ನಾನಂತೂ ಒಪ್ಪೋದಿಲ್ಲ. ಮುಂಡರಗಿ ತಾಲೂಕಿನ ನಕ್ಷೆ ನೋಡಿ. ದಕ್ಷಿಣಕ್ಕೆ ತುಂಗಭದ್ರೆ. ಹೊಳೆಯ ಆ ದಂಡೆ ಹಡಗಲಿ ಸೀಮೆ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಅದೂ ಸೇರಿತ್ತು, ಅಲ್ಲಿ 1807ರವರೆಗೆ ಇದೇ ಮನ್ರೋ ಕಲೆಕ್ಟರ್ ಆಗಿದ್ದ. ರೈತವಾರಿ ಅಂದರೇನು ಅನ್ನೋದನ್ನು ಈ ದಂಡೆಯ ರೈತ 17 ವರ್ಷ ಆ ದಂಡೆಯ ಬೀಗರ ಬಾಯಲ್ಲಿ ಕೇಳಿದ್ದ. ಕಂದಾಯ ಕಡಿಮೆ ಅಂತಲ್ಲ. ಹೆಚ್ಚೇ ಇತ್ತು. ಕಾಲು ಭಾಗ ಇಳಿಸಬೇಕು ಅಂತ ಮನ್ರೋನೇ ಬರೆದಿದ್ದ, ಮೇಲಿನವರು ಆಗ ಕೇಳಲಿಲ್ಲ. ಆದರೆ ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಅನ್ನೋದು ಗೊತ್ತಿತ್ತು. ಒಂದೇ ಬೆಳೆಗೆ ಇಬ್ಬರು ಬಂದು ಕೈಯೊಡ್ಡುವ ಕಾಟ ಇರಲಿಲ್ಲ.

ನನ್ನ ತಿಳಿವಳಿಕೆಯಲ್ಲಿ ಸ್ಟೆಬಿಲೈಸೇಶನ್ ಅನ್ನೋ ದೊಡ್ಡ ಪದದ ತಿರುಳು ಇಷ್ಟೇ: ಮುಂದಿನ ಸುಗ್ಗಿಯ ಹೊತ್ತಿಗೆ ಯಾರು ಇರ್ತಾರೆ ಅನ್ನುವುದರ ಮೇಲೆ ರೈತ ಕಟ್ಟುವ ಪಣ. ಅವನ ಪ್ರೀತಿ, ಸಿದ್ಧಾಂತ ಎಲ್ಲ ಆಮೇಲಿನದು. 1818ರ ಜನವರಿಯಲ್ಲಿ ಗದಗಿನ ಸುತ್ತಲಿನ ಹಳ್ಳಿಗಳು ಪಣ ಕಟ್ಟಿದ್ದು ಕಂಪನಿಯ ಮೇಲೆ. 2021ರ ಆಗಸ್ಟ್‌ನಲ್ಲಿ ಅಫ್ಘಾನಿಸ್ತಾನದ ಜಿಲ್ಲೆಗಳು ಒಂದರ ಹಿಂದೊಂದು ಮದ್ದು ಸುಡದೆ ತಾಲಿಬಾನ್ ಕಡೆ ಹೋದದ್ದೂ ಇದೇ ಲೆಕ್ಕದಲ್ಲಿ.

ಇನ್ನು ಮಾತಿನ ವಿಷಯಕ್ಕೆ ಬರೋಣ. 1818ರ ಫೆಬ್ರುವರಿ 11ರಂದು ಸಾತಾರಾದಿಂದ ಒಂದು ಜಾಹೀರುನಾಮೆ ಹೊರಟಿತು. ಹೊರಡಿಸಿದವನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಇವನಿಗೂ ಕಾಬೂಲಿಗೂ ನಂಟಿದೆ. 1808-09ರಲ್ಲಿ ಅಫ್ಘನ್ ದೊರೆಯ ದರಬಾರಿಗೆ ಕಂಪನಿಯ ರಾಯಭಾರಿಯಾಗಿ ಪೇಶಾವರದವರೆಗೆ ಹೋಗಿ, ಬಂದ ಮೇಲೆ ಆ ರಾಜ್ಯದ ಬಗ್ಗೆ ದಪ್ಪ ಪುಸ್ತಕ ಬರೆದವನು. ಆಮೇಲೆ ಪುಣೆಯಲ್ಲಿ ರೆಸಿಡೆಂಟ್, ಯುದ್ಧದ ನಂತರ ದಖ್ಖನಿನ ಕಮಿಷನರ್. 1842ರ ಜನವರಿಯಲ್ಲಿ ಕಾಬೂಲಿನಿಂದ ಹಿಂದೆ ಸರಿಯುತ್ತ ಸುಮಾರು 16,000 ಜನರನ್ನು ಹಿಮದಲ್ಲಿ ಕಳೆದುಕೊಂಡ ಜನರಲ್ ಎಲ್ಫಿನ್‌ಸ್ಟನ್ ಇವನ ದಾಯಾದಿ. ಒಂದೇ ಮನೆತನ, ಒಂದೇ ಕಂಪನಿ, ಎರಡು ನಾಡು.

ಜಾಹೀರುನಾಮೆಯ ಸಾರಾಂಶ ಇಷ್ಟು. ಬಾಜೀರಾಯನ ಆಳ್ವಿಕೆ ಮುಗಿಯಿತು. ಇನ್ನು ಅವನಿಗೆ ಯಾರೂ ಕಂದಾಯ ಕೊಡಕೂಡದು, ಕೊಟ್ಟರೆ ಅದು ಲೆಕ್ಕಕ್ಕಿಲ್ಲ. ಕಂದಾಯದ ಗುತ್ತಿಗೆ ಪದ್ಧತಿ ರದ್ದು. ವತನ, ಇನಾಂ, ವರ್ಷಾಸನ, ದೇವಸ್ಥಾನಗಳ ಉಂಬಳಿ, ಎಲ್ಲವನ್ನೂ ಇದ್ದ ಹಾಗೇ ಕಾಪಾಡಲಾಗುವುದು. ಎಲ್ಲ ಮತದವರಿಗೂ ರಕ್ಷಣೆ.

ಇದರಲ್ಲಿ ವತನ ಮತ್ತು ಇನಾಮಿನ ಮಾತೇ ಮುಖ್ಯ. ಆಗ ಒಂದು ಹಳ್ಳಿ ನಡೆಯುತ್ತಿದ್ದುದು ಇವುಗಳ ಮೇಲೆ. ಗೌಡ, ಕುಲಕರ್ಣಿ, ಅವರ ಮೇಲೆ ದೇಸಾಯಿ, ನಾಡಗೌಡ. ಕೆಳಗೆ ತಳವಾರ, ವಾಲೀಕಾರ. ಇವರ ಕೆಲಸಕ್ಕೆ ಸಂಬಳ ಅಂದರೆ ಕಂದಾಯವಿಲ್ಲದ, ಇಲ್ಲವೇ ಕಡಿಮೆ ಕಂದಾಯದ ಹೊಲ. ಅದು ಬರೀ ಆಸ್ತಿಯಲ್ಲ, ಹುದ್ದೆ, ಮಾನ, ಊರಲ್ಲಿ ಕೂಡುವ ಜಾಗ ಎಲ್ಲವೂ ಅದರಲ್ಲೇ. ಆ ಮಾತನ್ನು ನಂಬಿ ಈ ಮಂದಿ ತೆಪ್ಪಗಾದರು. ದೊಡ್ಡವರೂ ಅಷ್ಟೇ. ಪಟವರ್ಧನರ ಜೊತೆ 1819ರಲ್ಲಿ ಕರಾರುಗಳಾಗಿ ಅವರ ಜಹಗೀರು ಅವರಿಗೇ ಉಳೀತು. ಹಂಗಾಗಿ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜಿನ ಪಟವರ್ಧನರ ಕೈಯಲ್ಲಿ ಉಳಿದವು. ಗದಗ, ಡಂಬಳ, ಮುಂಡರಗಿ ಕಂಪನಿಗೆ. ಮೂಡಲಿಗೆ ಕೊಪ್ಪಳ ನಿಜಾಮನದು. ಇವತ್ತು ಒಂದು ತಾಸು ಬೈಕ್ ಓಡಿಸಿದರೆ ಆಗಿನ ಮೂರು ಸರಕಾರಗಳ ಗಡಿ ದಾಟಿರ್ತೀರಿ. ಕೌದಿಯ ತುಂಡುಗಳಂಥ ಈ ನಕ್ಷೆ 1948ರವರೆಗೂ ಹಂಗೇ ಇತ್ತು.

ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರ್ ಆದ. ಭಾರತೀಯರನ್ನು ಜವಾಬ್ದಾರಿಯ ಹುದ್ದೆಗಳಿಂದ ದೂರ ಇಟ್ಟು ನಡೆಸುವ ಆಡಳಿತ ಅವರ ಗುಣವನ್ನೇ ಕುಗ್ಗಿಸುತ್ತದೆ ಅಂತ ತನ್ನ ಮೇಲಿನವರಿಗೆ ಮತ್ತೆ ಮತ್ತೆ ಬರೆದ. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡ. ಅಷ್ಟರಲ್ಲೇ ಅವನ ಗರಡಿಯ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ದತ್ತಕವನ್ನು ಒಪ್ಪದೆ ಹಟ ಹಿಡಿದು, 1824ರ ಅಕ್ಟೋಬರ್ 23ರಂದು ಅಲ್ಲಿನ ಕೋಟೆಯ ಮುಂದೆ ಸತ್ತಿದ್ದ. ಕಿತ್ತೂರಿನ ಕಥೆ ನಿಮಗೆಲ್ಲ ಗೊತ್ತು. ನಾನು ಹೇಳಬೇಕೆಂದಿದ್ದು ಅದರ ನಂತರದ, ಸದ್ದಿಲ್ಲದ 30 ವರ್ಷಗಳ ಕಥೆ. ಯಾಕಂದ್ರೆ ರಾಜ್ಯ ಕಟ್ಟುವ ನಿಜವಾದ ಕೆಲಸ ನಡೆದದ್ದು ಆಗ, ಬಂದೂಕಿಲ್ಲದೆ.

1830ರಲ್ಲಿ ಧಾರವಾಡ ಜಿಲ್ಲೆ ಆಯಿತು. 1840ರ ದಶಕದಲ್ಲಿ ಸರ್ವೇ ಶುರುವಾಯಿತು. ಹೊಲ ಅಳೆದು, ಮಣ್ಣಿನ ಗುಣ ನೋಡಿ, ನಂಬರು ಹಾಕಿ, ಕಲ್ಲು ನೆಟ್ಟರು. ಇವತ್ತಿನ ನಮ್ಮ ಸರ್ವೇ ನಂಬರಿನ ಮೂಲ ಅಲ್ಲಿದೆ. ಅದೇ ಹೊತ್ತಿಗೆ ಅಮೆರಿಕನ್ ಹತ್ತಿಯ ಬೀಜ ತಂದು ಗದಗ, ಡಂಬಳದ ಎರೆಯಲ್ಲಿ ಬಿತ್ತಿಸಿದರು. ಅಳತೆ ಸರಿಯಿದ್ದಾಗ, ಕಂದಾಯ 30 ವರ್ಷಕ್ಕೆ ಗೊತ್ತಾದಾಗ, ರೈತನಿಗೆ ಲಾಭವೂ ಆಯಿತು. ಅದನ್ನು ಅಲ್ಲಗಳೆದರೆ ಸುಳ್ಳಾಗುತ್ತೆ.

ಹೊಲ ಅಳೆದ ಮೇಲೆ ಹೊಲ ಯಾರದು ಅನ್ನುವ ಪ್ರಶ್ನೆ ಬರಲೇಬೇಕು. 1843ರಲ್ಲಿ ಇದೇ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಂ ತನಿಖೆ ಶುರುವಾಯಿತು. 1852ರಲ್ಲಿ ಅದಕ್ಕೊಂದು ಕಾಯ್ದೆಯಾಗಿ ಇನಾಂ ಕಮಿಷನ್ನಿಗೆ ಪೂರ್ತಿ ಅಧಿಕಾರ ಬಂತು. ಕಮಿಷನ್ ಎಲ್ಲರಿಗೂ ಕೇಳಿದ್ದು ಒಂದೇ: ಈ ಇನಾಮಿಗೆ ಕಾಗದ ಎಲ್ಲಿ?

ಬೆಂಗಳೂರಲ್ಲಿ ಅಜ್ಜನ ಕಾಲದ ಮನೆಗೆ ಇ-ಖಾತಾ ಮಾಡಿಸಲು ಹೋದವರಿಗೆ ಈ ಪ್ರಶ್ನೆಯ ರುಚಿ ಗೊತ್ತು. 60 ವರ್ಷದಿಂದ ಅದೇ ಮನೆಯಲ್ಲಿ ಇದ್ದೀವಿ, ತೆರಿಗೆ ಕಟ್ಟಿದ್ದೀವಿ, ಓಣಿಯವರೆಲ್ಲ ಸಾಕ್ಷಿ. ಆದರೆ 1970ರ ಯಾವುದೋ ಪತ್ರ ಇಲ್ಲ, ಹಂಗಾಗಿ ಸಿಸ್ಟಮ್ ಒಪ್ಪೋದಿಲ್ಲ. ಈಗ ಗದಗ ಸೀಮೆಯ ಒಬ್ಬ ದೇಸಾಯಿಯನ್ನು ನೆನೆಸಿಕೊಳ್ಳಿ. ಬಿಜಾಪುರದ ಬಾದಶಹ, ಸವಣೂರಿನ ನವಾಬ, ಹೈದರ್, ಟಿಪ್ಪು, ಪೇಶ್ವೆ ಎಲ್ಲರೂ ಈ ನೆಲದ ಮೇಲೆ ಹಾದು ಹೋಗಿದ್ದಾರೆ. ಯಾರ ಸನದು ತೋರಿಸಬೇಕು? ಯಾವ ದಂಗೆಯಲ್ಲಿ ಸುಟ್ಟು ಹೋದ ಮನೆಯ ಯಾವ ಪೆಟ್ಟಿಗೆಯಲ್ಲಿ ಅದು ಇತ್ತು? ಹಳೆಯ ವ್ಯವಸ್ಥೆಯಲ್ಲಿ ಹಕ್ಕು ಅಂದರೆ ಎಲ್ಲರಿಗೂ ಗೊತ್ತಿರುವುದು. ಹೊಸ ವ್ಯವಸ್ಥೆಯಲ್ಲಿ ಹಕ್ಕು ಅಂದರೆ ದಫ್ತರದಲ್ಲಿ ಇರುವುದು. ಪೂರ್ತಿ ಮುಂಬಯಿ ಪ್ರಾಂತದಲ್ಲಿ ಕಮಿಷನ್ ಸುಮಾರು 20,000 ಇನಾಮುಗಳನ್ನು ಜಪ್ತಿ ಮಾಡಿತು ಅನ್ನುವುದು ಇತಿಹಾಸದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ.

ಕಮಿಷನ್ನಿನ ಪರವಾಗಿಯೂ ಒಂದು ಮಾತಿದೆ. ಬಾಜೀರಾಯನ ಕೊನೆಗಾಲದ ಗದ್ದಲದಲ್ಲಿ ಸುಳ್ಳು ಇನಾಮುಗಳು ಹುಟ್ಟಿದ್ದು ನಿಜ. ಇನಾಂದಾರ ಕಟ್ಟದ ಕಂದಾಯದ ಭಾರ ಸುತ್ತುಬಳಸಿ ಬೀಳುತ್ತಿದ್ದುದು ಸಾಮಾನ್ಯ ರೈತನ ಮೇಲೆ ಅನ್ನುವ ವಾದವೂ ತೂಕದ್ದೇ. ವತನ ಅನ್ನುವುದು ಜಾತಿಯ ಏಣಿಯ ಮೇಲೆ ನಿಂತ ವ್ಯವಸ್ಥೆ, ಅದು ಬಿದ್ದಿದ್ದಕ್ಕೆ ನಾವು ಅಳಬೇಕಾದ ಅಗತ್ಯ ಇಲ್ಲ. ಆದರೆ ನನ್ನ ತಕರಾರು ಬೇರೆ. 1818ರಲ್ಲಿ ಕಾಗದ ಕೇಳದೆ ಮಾತು ಕೊಟ್ಟು, ಆ ಮಾತಿನ ಬಲದಿಂದಲೇ ನಾಡನ್ನು ಪಡೆದು, 30 ವರ್ಷ ಆದ ಮೇಲೆ, ಕೈ ಗಟ್ಟಿಯಾದ ಮೇಲೆ, ಕಾಗದ ಕೇಳಿದರು. ಸುಧಾರಣೆ ಒಳ್ಳೆಯದೇ ಇರಬಹುದು. ಆದರೆ ಅದನ್ನು ಕೊಟ್ಟ ಮಾತಿನ ಮೇಲೆ ಕಾಲಿಟ್ಟು ಮಾಡಿದರೆ, ಮುಂದೆ ಕೊಡುವ ಯಾವ ಮಾತಿಗೂ ಬೆಲೆ ಇರೋದಿಲ್ಲ.

1857ರಲ್ಲಿ ಉತ್ತರದ ದಂಗೆಯ ಸುದ್ದಿ ಬಂದ ಮೇಲೆ ಸರಕಾರ ಎರಡನೆಯ ತಪ್ಪು ಮಾಡಿತು. ಆಯುಧಗಳನ್ನು ಒಪ್ಪಿಸಿ ಅಂತ ಕಾಯ್ದೆ ತಂತು. ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ, ಊರೇ ಬೆಂಕಿಗೆ ಹೋಯ್ತು. ಆ ಲಾವಣಿಯನ್ನು ನಾವು ಶಾಲೆಯಲ್ಲಿ ಓದಿದ್ದೀವಿ. ಹೊಲಕ್ಕೆ ಕಾಗದ ಕೇಳಿದರು, ಈಗ ಸೊಂಟದ ಕತ್ತಿ ಕೇಳಿದರು. ಎರಡನ್ನೂ ಕೇಳಿದ್ದು ಒಂದೇ ಥರದ ಜನರಿಗೆ.

ಮುಂಡರಗಿಯ ಭೀಮರಾವ್ ನಾಡಗೌಡ ಅಂಥವರಲ್ಲಿ ಒಬ್ಬ. ಅವನ ಬಗ್ಗೆ ನಮ್ಮ ಕಡೆಯ ಭಾಷಣಗಳಲ್ಲಿ "ವೀರ" ಅನ್ನುವ ಪದ ಬಂದು, ಅವನು ಮೊದಲು ಏನಾಗಿದ್ದ ಅನ್ನೋದು ಬಿಟ್ಟು ಹೋಗುತ್ತೆ. ಅವನು ಬ್ರಿಟಿಷರ ಕೈಕೆಳಗೆ ಬಳ್ಳಾರಿ ಕಡೆ ತಹಶೀಲ್ದಾರನಾಗಿದ್ದವನು. ಅಂದರೆ ಮನ್ರೋ ಕಟ್ಟಿದ ಯಂತ್ರದ ಒಂದು ಚಕ್ರವೇ ಆಗಿದ್ದವ. ಆ ಯಂತ್ರ ಹೆಂಗೆ ನಡೆಯುತ್ತೆ, ಖಜಾನೆ ಎಲ್ಲಿರುತ್ತೆ, ಠಾಣ್ಯದಲ್ಲಿ ಎಷ್ಟು ಜನ, ಸುದ್ದಿ ಎಷ್ಟು ಹೊತ್ತಿಗೆ ಮುಟ್ಟುತ್ತೆ, ಎಲ್ಲ ಗೊತ್ತಿದ್ದವ. ತಹಶೀಲ್ದಾರಿಕೆಗಿಂತ ಮೇಲೆ ಹೋಗುವ ದಾರಿ ನಮ್ಮವರಿಗೆ ಬಹಳ ಕಿರಿದಾಗಿದ್ದ ಕಾಲ ಅದು. ನೌಕರಿಯೂ ಹೋಗಿ ಅವನು ಮನೆಗೆ ಬಂದಿದ್ದ. ಅವನ ಜೊತೆ ತುಂಗಭದ್ರೆಯ ದಂಡೆಯ ಹಮ್ಮಿಗಿಯ ಕೆಂಚನಗೌಡ ಸೇರಿದ. ಡಂಬಳ, ಸೊರಟೂರಿನ ದೇಸಾಯಿಗಳು ಸೇರಿದರು. ಅತ್ತ ನರಗುಂದದಲ್ಲಿ ಬಾಬಾಸಾಹೇಬ ಭಾವೆ. ಅವನಿಗೆ ಮಕ್ಕಳಿಲ್ಲ, ದತ್ತಕಕ್ಕೆ ಸರಕಾರ ಒಪ್ಪಿಗೆ ಕೊಟ್ಟಿರಲಿಲ್ಲ.

1858ರ ಮೇ ಕೊನೆಯ ವಾರದಲ್ಲಿ ಕೂಡಿಟ್ಟ ಆಯುಧಗಳ ಸುದ್ದಿ ಹೊರಬಿತ್ತು. ಭೀಮರಾವ್ ಇನ್ನು ಕಾಯಲಿಲ್ಲ. ಡಂಬಳದ ಖಜಾನೆ ಲೂಟಿ ಮಾಡಿ, ಗಡಿ ದಾಟಿ, ನಿಜಾಮನ ಸೀಮೆಯ ಕೊಪ್ಪಳದ ಕೋಟೆಯನ್ನು ಹಿಡಿದ. ಮೇ 29ರ ರಾತ್ರಿ, ರಾಮದುರ್ಗದಿಂದ ನರಗುಂದದ ಕಡೆ ಹೊರಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಮಂದಿ ಅವನನ್ನು ಕೊಂದು, ತಲೆ ಕಡಿದು ನರಗುಂದಕ್ಕೆ ಒಯ್ದರು. ಈ ಮ್ಯಾನ್ಸನ್ ಅದಕ್ಕೂ ಮುಂಚೆ ಇನಾಂ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದವ. ಕಾಗದ ಕೇಳಿದ ಕೈಯೇ ರಾಜಕೀಯದ ಕೈಯೂ ಆಗಿ ಬಂದಿತ್ತು. ಈ ಸೀಮೆಯ ಜನರನ್ನು ಮ್ಯಾನ್ಸನ್ನನಷ್ಟು ಬಲ್ಲ ಇಂಗ್ಲಿಷರು ಕಡಿಮೆ, ಆದರೆ ಜನರೂ ಅವನನ್ನು ಅಷ್ಟೇ ಚೆನ್ನಾಗಿ ಬಲ್ಲವರಾಗಿದ್ದರು.

ಜೂನ್ 1ರಂದು ಕೊಪ್ಪಳದ ಕೋಟೆ ಬಿತ್ತು. ಭೀಮರಾವ್, ಕೆಂಚನಗೌಡ ಇಬ್ಬರೂ ಅಲ್ಲೇ ಸತ್ತರು. ಅದೇ ಹೊತ್ತಿಗೆ ಕರ್ನಲ್ ಮಾಲ್ಕಮ್ ನರಗುಂದ ಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಒಟ್ಟು ಮೂರು ವಾರದ ಕಥೆ. ಇವರನ್ನು ಮುಗಿಸಿದ ದಂಡಿನಲ್ಲೂ ಹೆಚ್ಚಿನವರು ಈ ದೇಶದವರೇ. ಎದ್ದ ಊರುಗಳಿಗಿಂತ ಸುಮ್ಮನಿದ್ದ ಊರುಗಳೇ ಬಹಳ. ಹಂಗಂತ ಆ ಮೌನವನ್ನು ನಿಷ್ಠೆ ಅಂತ ಓದೋದು ತಪ್ಪಾದೀತು. ಅವರ ಲೆಕ್ಕ 1818ರದ್ದೇ: ಮುಂದಿನ ಸುಗ್ಗಿಗೆ ಯಾರು ಇರ್ತಾರೆ? 1858ರಲ್ಲಿ ಅದರ ಉತ್ತರ ಭೀಮರಾವ್ ಆಗಿರಲಿಲ್ಲ.

ಆದರೆ ಗೆದ್ದವರು ಆಮೇಲೆ ಮಾಡಿದ್ದನ್ನು ಗಮನಿಸಿ. 1858ರ ನವೆಂಬರ್ 1ರ ರಾಣಿಯ ಘೋಷಣೆಯಲ್ಲಿ ಸಂಸ್ಥಾನಗಳ ಜೊತೆಗಿನ ಕರಾರುಗಳನ್ನು ಕಾಪಾಡುವ ಮಾತು ಬಂತು. 1862ರಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳು. 1863ರಲ್ಲಿ ಮುಂಬಯಿ ಸರಕಾರ ಇನಾಮುಗಳಿಗೆ ಹೊಸ ಕಾಯ್ದೆ ತಂದು, ಹಳೆಯ ಕಾಗದ ಕೆದಕೋದನ್ನು ಬಿಟ್ಟು, ವರ್ಷಕ್ಕಿಷ್ಟು ಅಂತ ಹಣ ಕಟ್ಟಿಸಿಕೊಂಡು ಹಕ್ಕನ್ನು ಖಾಯಂ ಮಾಡಿತು. ಅಂದರೆ ಭೀಮರಾವ್, ಬಾಬಾಸಾಹೇಬರಂಥವರು ಯಾವುದಕ್ಕಾಗಿ ಸತ್ತರೋ ಅದರಲ್ಲಿ ಬಹುಭಾಗವನ್ನು ಸರಕಾರ ಐದೇ ವರ್ಷದಲ್ಲಿ ಒಪ್ಪಿಕೊಂಡಿತು, ಸೋತವರ ಹೆಸರು ಹೇಳದೆ.

ಮೂರನೆಯ ಸಲದ ಶಾಂತಿ ಉಳೀತು. 1884ರಲ್ಲಿ ಗದಗಿಗೆ ರೈಲು ಬಂತು, ಹತ್ತಿಯ ಪೇಟೆ ಬೆಳೀತು. ಆದರೆ ಆ ರೈಲು ಬರುವ ಮುಂಚೆ, 1876-78ರ ಬರದಲ್ಲಿ, ಇದೇ ಸೀಮೆಯ ಜನ ಸಾಲುಸಾಲಾಗಿ ಸತ್ತಿದ್ದರು. ಸರಕಾರ ಒಂಚೂರೂ ಅಲುಗಾಡಲಿಲ್ಲ. ಸ್ಥಿರ ಸರಕಾರ ಬೇರೆ, ಬದುಕು ಸ್ಥಿರವಾಗೋದು ಬೇರೆ. ಹೊರಗಿನವರ ವರದಿಗಳಲ್ಲಿ ಇವೆರಡೂ ಒಂದೇ ಕಾಲಮಿನಲ್ಲಿ ಬಂದು ಬಿಡ್ತವೆ. ಕಾಬೂಲಿನಿಂದ ಹೋಗುತ್ತಿದ್ದ ವರದಿಗಳಲ್ಲೂ ಕಟ್ಟಿದ ಶಾಲೆ, ಹಾಕಿದ ರಸ್ತೆಗಳ ಲೆಕ್ಕ ಇರುತ್ತಿತ್ತು, ಆ ಸರಕಾರವನ್ನು ಯಾರು ತಮ್ಮದು ಅಂದುಕೊಂಡಿದ್ದಾರೆ ಅನ್ನೋದಕ್ಕೆ ಕಾಲಮೇ ಇರಲಿಲ್ಲ.

ಹಂಗಾದರೆ ಈ ಸೀಮೆಯಲ್ಲಿ ಬದುಕನ್ನು ಸ್ಥಿರ ಮಾಡುವ ಕೆಲಸ ಯಾರೂ ಮಾಡಲಿಲ್ಲವೇ? ಮಾಡಿದರು. 1904ರಲ್ಲಿ ಸರಕಾರ ಸಹಕಾರಿ ಸಂಘಗಳ ಕಾಯ್ದೆ ತಂತು. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಕಾಯ್ದೆ ಹೊರಗಿನದು, ನಂಬಿಕೆ ಒಳಗಿನದು. ಸಾಲ ಕೇಳಿ ಬಂದವನು ಎಂಥವನು, ಅವನ ಹೊಲ ಎಲ್ಲಿ, ಮಳೆ ಹೋದರೆ ಅವನಿಗೆ ಎಷ್ಟು ದಿನ ತಡೆ ಕೊಡಬೇಕು ಅನ್ನೋದು ಸಂಘದವರಿಗೆ ಕಾಗದ ನೋಡದೆ ಗೊತ್ತು. ಆದರೂ ಲೆಕ್ಕ ಕಾಗದದಲ್ಲಿ ಇತ್ತು. ಎಲ್ಲರಿಗೂ ಗೊತ್ತಿರುವುದು ಮತ್ತು ದಫ್ತರದಲ್ಲಿ ಇರುವುದು, ಎರಡೂ ಒಂದೇ ಕಡೆ ಕೂತದ್ದು ಅಲ್ಲಿ. ಕರ್ನಾಟಕದ ಸಹಕಾರ ಚಳವಳಿಯ ಚರಿತ್ರೆ ಆ ಹಳ್ಳಿಯಿಂದ ಶುರುವಾಗುತ್ತೆ. ವೆಲ್ಲೆಸ್ಲಿಗೂ, ಮನ್ರೋನಿಗೂ, ಮ್ಯಾನ್ಸನ್ನನಿಗೂ ಸಾಧ್ಯವಾಗದಿದ್ದದ್ದು ಅದು.

ಕೊನೆಗೆ ಮಂತ್ರಾಲಯದ ಕಥೆ. ಮಠದ ಭೂಮಿಯ ವಿಚಾರಣೆಗೆ ಮನ್ರೋ ಬಂದ, ರಾಯರು ಬೃಂದಾವನದಿಂದ ಅವನ ಜೊತೆ ಮಾತಾಡಿದರು, ಅವನು ಭೂಮಿಯನ್ನು ಮಠಕ್ಕೇ ಬಿಟ್ಟು ಹೋದ ಅಂತ ಭಕ್ತರು ಹೇಳ್ತಾರೆ. ಪವಾಡವನ್ನು ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನನ್ನ ಕುತೂಹಲ, ಜನ ಇದನ್ನೇ ಯಾಕೆ ನೆನಪಿಟ್ಟರು ಅನ್ನೋದು. ಮನ್ರೋ ಹಿಡಿದ ಕೋಟೆಗಳ ಪಟ್ಟಿ ಯಾರ ಬಾಯಲ್ಲೂ ಇಲ್ಲ. ಅವನ ರೈತವಾರಿ ಪರೀಕ್ಷೆಗೆ ಓದುವವರಿಗೆ ಮಾತ್ರ. ಜನ ಇಟ್ಟುಕೊಂಡ ಕಥೆ ಯಾವುದು? ಉಂಬಳಿಯ ಕಾಗದ ಕೇಳಲು ಬಂದ ಒಬ್ಬ ಸಾಹೇಬ, ಕೇಳಬೇಕಾದವರನ್ನು ಕೇಳಿ, ಅವರ ಮಾತು ಒಪ್ಪಿ, ಸುಮ್ಮನೆ ಹೋದ ಅನ್ನುವ ಕಥೆ. ಇತ್ತ ಮುಂಡರಗಿಯವರು ನೆನೆಯೋದು, ಕೇಳಲು ಬಂದವರ ಮೇಲೆ ಕತ್ತಿ ಎತ್ತಿದ ಭೀಮರಾಯನನ್ನು. ಎರಡೂ ಒಂದೇ ಅಹವಾಲಿನ ಎರಡು ಪ್ರತಿಗಳು.

ನಮ್ಮಲ್ಲಿ ಬಹಳ ಮಂದಿ ಈಗ ವ್ಯವಸ್ಥೆಗಳನ್ನು ಕಟ್ಟುವ ಕೆಲಸದಲ್ಲೇ ಇದ್ದೀವಿ. ಡೇಟಾ ಶುದ್ಧ ಮಾಡ್ತೀವಿ, ಹಳೇ ಲೆಕ್ಕಗಳನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸ್ತೀವಿ, ದಾಖಲೆ ಇಲ್ಲದ ಸಾಲುಗಳನ್ನು ಫಿಲ್ಟರ್ ಹಾಕಿ ತೆಗೀತೀವಿ. ಆ ಸಾಲುಗಳಲ್ಲಿ ಯಾರಿಗೆ, ಯಾರು, ಯಾವಾಗ ಮಾತು ಕೊಟ್ಟಿದ್ದರು ಅನ್ನೋದಕ್ಕೆ ನಮ್ಮ ಶೀಟಿನಲ್ಲೂ ಕಾಲಮ್ ಇರೋದಿಲ್ಲ. ತೆಗೆಯುವ ಮುಂಚೆ ಒಂದು ಫೋನ್ ಮಾಡಿ ಕೇಳೋದಕ್ಕೆ ಏನೂ ಖರ್ಚಿಲ್ಲ.